ಬೆಳಕು ಹುಡುಕುತ್ತಾ ಉದ್ದವಾದ ಲೋಳೆಸರ: ಮಾಟುಂಗಾದ ಒಂದು ಮನೆಯ ಪ್ರಕರಣ

ಇದು ಮುಂಬಯಿಯ ಮಾಟುಂಗಾ ಕಡೆಯ ಒಂದು ಕನ್ನಡ ಮನೆಯಲ್ಲಿ ನಡೆದದ್ದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಯಾರೆಂದು ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ. ಗಿಡ ಯಾರದೋ ಅವರನ್ನು ಇಲ್ಲಿ ಅಕ್ಕ ಎಂದಷ್ಟೇ ಕರೆಯುತ್ತೇನೆ. ಅರವತ್ತು ದಾಟಿದವರು, ಕುಂದಾಪುರದ ಕಡೆಯವರು. ನಮ್ಮ ಬಳಗದಲ್ಲಿ ಯಾರ ಬಾಲ್ಕನಿ ಗಿಡಕ್ಕೆ ಏನಾದರೂ ಆದರೆ ನನಗೆ ಫೋನ್ ಬರುತ್ತದೆ. ಹಾಗೇ ಇದೂ ಬಂತು.

ಗಿಡ ಬಂದದ್ದು 2014ರಲ್ಲಿ. ಅಕ್ಕನ ಅತ್ತೆ ಊರಿನ ಬಾವಿಕಟ್ಟೆಯ ಪಕ್ಕದಿಂದ ಒಂದು ಸಣ್ಣ ಮರಿ ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ, ಮತ್ಸ್ಯಗಂಧಾ ರೈಲಿನಲ್ಲಿ ತಂದಿದ್ದರು. ಅತ್ತೆ ತೀರಿಕೊಂಡು ಕೆಲವು ವರ್ಷವಾಯಿತು. ಈ ಗಿಡ ಉಳಿಯಬೇಕು ಅನ್ನುವ ಆಸೆ ಮನೆಯಲ್ಲಿ ಎಷ್ಟು ಗಟ್ಟಿಯಾಗಿತ್ತು ಅನ್ನುವುದಕ್ಕೆ ಇದೇ ಕಾರಣ. ಮುಂದೆ ಆದ ಕೆಲವು ತಪ್ಪುಗಳಿಗೂ ಇದೇ ಕಾರಣ.

ಮೊದಲ ಐದಾರು ವರ್ಷ ಗಿಡ ಪೂರ್ವದ ಕಿಟಕಿಯ ಗ್ರಿಲ್‌ನಲ್ಲಿತ್ತು. ಬೆಳಗಿನ ಬಿಸಿಲು ಮೂರು ಗಂಟೆ ಬೀಳುತ್ತಿತ್ತು. ಎಲೆ ದಪ್ಪ, ಗಿಡ ಕುಳ್ಳ. ತಲೆಗೆ ಹಚ್ಚಿಕೊಳ್ಳಲು ತಿಂಗಳಿಗೊಂದು ಕೆಳಗಿನ ಎಲೆ ತೆಗೆಯುತ್ತಿದ್ದರು. ಆಮೇಲೆ ಎದುರಿನ ಹಳೆಯ ಕಟ್ಟಡ ಕೆಡವಿದರು. ಆ ಜಾಗದಲ್ಲಿ ಟವರ್ ಎದ್ದಿತು. ಮಹಡಿ ಮೇಲೆ ಮಹಡಿ ಏರಿದ ಹಾಗೆ ಬಿಸಿಲು ಕಡಿಮೆಯಾಗುತ್ತಾ ಬಂತು. 2022ರ ಅಕ್ಟೋಬರಿನಲ್ಲಿ ಅಕ್ಕನ ಕಟ್ಟಡಕ್ಕೇ ರಿಪೇರಿ ಶುರುವಾಯಿತು. ಸುತ್ತ ಬಿದಿರಿನ ಪರಾಂಚಿ, ಅಂದರೆ ಕೆಲಸದವರು ನಿಲ್ಲುವ ಅಟ್ಟಣಿಗೆ, ಕಟ್ಟಿ ಹಸಿರು ಬಲೆ ಇಳಿಬಿಟ್ಟರು. ಗ್ರಿಲ್ ಖಾಲಿ ಮಾಡಿ ಅಂದರು. ಗಿಡ ಒಳಗೆ ಬಂದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿತು. ಮಳೆಗಾಲದ ಮೊದಲು ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ.

ಕಾಂಡದ ಮೇಲೆ ಬರೆದಿದ್ದ ಕತೆ

ನಾನು ಮೊದಲು ನೋಡಿದ್ದು 2023ರ ಜುಲೈ 2ರ ಭಾನುವಾರ. ಕುಂಡದಿಂದ ಮೇಲಕ್ಕೆ ಸುಮಾರು 40 ಸೆಂಟಿಮೀಟರ್ ಬರೀ ಕಾಂಡ. ತುದಿಯಲ್ಲಿ ಹನ್ನೊಂದು ಎಲೆ. ಅವು ಮೇಲಕ್ಕೆ ಏಳದೆ ತಟ್ಟೆಯ ಹಾಗೆ ಅಗಲಕ್ಕೆ ಬಿದ್ದಿದ್ದವು. ಬಣ್ಣ ಮಾಸಿದ ಹಸಿರು. ತಲೆಭಾರಕ್ಕೆ ಗಿಡ ಎರಡು ಸಲ ಉರುಳಿತ್ತಂತೆ. ಹಳೆಯ ಸೀರೆಯ ಅಂಚು ಹರಿದು ಎರಡು ಕೋಲಿಗೆ ಕಟ್ಟಿ ನಿಲ್ಲಿಸಿದ್ದರು.

ಲೋಳೆಸರ ಅಷ್ಟುದ್ದ ಕಾಂಡ ಬಿಡುವ ಗಿಡ ಅಲ್ಲ. ಅದರ ಬಳಗದಲ್ಲಿ ಕಾಂಡ ಬಿಟ್ಟು ಪೊದೆಯಾಗುವ ಜಾತಿಗಳಿವೆ. ಆದರೆ ನಮ್ಮ ಮನೆಗಳಲ್ಲಿರುವ ಜಾತಿಗೆ ಕಾಂಡ ಬಹಳ ಗಿಡ್ಡ. ವಯಸ್ಸಾದ ಗಿಡದಲ್ಲಿ ಸ್ವಲ್ಪ ಕಾಂಡ ಕಾಣುತ್ತದೆ, ಅದು ಸಹಜ. ಸಹಜವೋ ಅಲ್ಲವೋ ಎಂದು ತಿಳಿಯಲು ಎಲೆ ಉದುರಿದ ಗುರುತಿನ ಉಂಗುರಗಳನ್ನು ನೋಡಬೇಕು. ಬಳೆ ಜೋಡಿಸಿದ ಹಾಗೆ ಒತ್ತಾಗಿದ್ದರೆ ಅದು ವಯಸ್ಸು. ದೂರ ದೂರ ಇದ್ದರೆ ಅದು ಬೆಳಕಿನ ಹಸಿವು.

ಈ ಗಿಡದಲ್ಲಿ ಎರಡೂ ಇತ್ತು. ಬುಡದ ಒಂಬತ್ತು ಸೆಂಟಿಮೀಟರ್‌ನಲ್ಲಿ ಉಂಗುರ ಒತ್ತೊತ್ತಾಗಿ ಕೂತಿದ್ದವು. ಅಲ್ಲಿಂದ ಮೇಲೆ ಬೆರಳಗಲದ ಅಂತರ. ಇನ್ನೂ ಮೇಲೆ ಎರಡು ಬೆರಳಿನಷ್ಟು ಅಂತರ. ನಾನು ಬೆರಳಿಟ್ಟು ತೋರಿಸಿದೆ. ಅಕ್ಕ ಬಗ್ಗಿ ನೋಡಿ ತಾವೇ ಹೇಳಿದರು: "ಇಲ್ಲಿ ಟವರ್ ಎದ್ದದ್ದು. ಇಲ್ಲಿ ಬಲೆ ಕಟ್ಟಿದ್ದು." ಹೌದು, ಅಷ್ಟೇ ವಿಷಯ. ಆ ಮನೆಗೆ ಎಷ್ಟು ಬೆಳಕು ಬಂತು ಅನ್ನುವ ಲೆಕ್ಕವನ್ನು ಗಿಡ ತನ್ನ ಮೈಮೇಲೆ ಇಟ್ಟುಕೊಂಡಿತ್ತು. ಬೆಳಕು ಸಾಲದಾಗ ಗಿಡ ಎಲೆ ದಪ್ಪ ಮಾಡುವುದನ್ನು ಬಿಟ್ಟು ಕಾಂಡ ಉದ್ದ ಮಾಡುತ್ತದೆ. ಕೂಡಿಟ್ಟ ಆಹಾರವನ್ನೆಲ್ಲ ಆ ಓಟಕ್ಕೆ ಸುರಿಯುತ್ತದೆ. ಒಮ್ಮೆ ಉದ್ದವಾದ ಕಾಂಡ ಮತ್ತೆ ಕುಗ್ಗುವುದಿಲ್ಲ. ನಾಳೆ ಎಷ್ಟೇ ಬಿಸಿಲು ಕೊಟ್ಟರೂ ಹೊಸದಾಗಿ ಬರುವ ಎಲೆ ಸರಿಯಾಗಿ ಬರುತ್ತದೆ, ಹಳೆಯ ಕಾಂಡ ಹಾಗೇ ಉಳಿಯುತ್ತದೆ.

ಮನೆಯವರು ಅಷ್ಟರಲ್ಲಿ ಏನೇನು ಮಾಡಿದ್ದರು

ಗಿಡ ಸೊರಗಿದೆ ಅನ್ನಿಸಿದಾಗ ನಮ್ಮ ಕೈ ಮೊದಲು ಹೋಗುವುದು ನೀರಿನ ಚೊಂಬಿಗೆ. ಇಲ್ಲೂ ಹಾಗೇ ಆಯಿತು. ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರು. ಆಮೇಲೆ ಚಹಾ ಚರಟ. ಆಮೇಲೆ ಎರಡು ಮುಷ್ಟಿ ಎರೆಗೊಬ್ಬರ. ಮಾರ್ಚಿನಲ್ಲಿ ಹೊಸ ದೊಡ್ಡ ಪ್ಲಾಸ್ಟಿಕ್ ಕುಂಡ ತಂದು, ನರ್ಸರಿಯ ಕೆಂಪು ಮಣ್ಣು ಮತ್ತು ತೆಂಗಿನ ನಾರಿನ ಪುಡಿ ತುಂಬಿ, ಗಿಡವನ್ನು ಅದಕ್ಕೆ ಬದಲಿಸಿದ್ದರು. ಪ್ರತಿಯೊಂದರಲ್ಲೂ ಪ್ರೀತಿ ಇತ್ತು. ಆದರೆ ಪ್ರತಿಯೊಂದೂ ಗಿಡವನ್ನು ಇನ್ನಷ್ಟು ಕೆಡಿಸಿತು.

ಬೆಳಕಿಲ್ಲದ ಗಿಡಕ್ಕೆ ಗೊಬ್ಬರ ಕೊಟ್ಟರೆ ಅದು ಇನ್ನೂ ಬೇಗ ಉದ್ದವಾಗುತ್ತದೆ. ದೊಡ್ಡ ಕುಂಡದಲ್ಲಿ ಮಣ್ಣು ಜಾಸ್ತಿ, ಮಣ್ಣು ಜಾಸ್ತಿ ಇದ್ದಲ್ಲಿ ನೀರೂ ಜಾಸ್ತಿ ನಿಲ್ಲುತ್ತದೆ, ಅದನ್ನು ಕುಡಿಯುವಷ್ಟು ಬೇರು ಈ ಗಿಡಕ್ಕೆ ಇರಲಿಲ್ಲ. ಲೋಳೆಸರ ಮೂಲತಃ ಅರೇಬಿಯಾದ ಒಣ ನೆಲದ ಗಿಡ. ಎಲೆಯ ಸಣ್ಣ ರಂಧ್ರಗಳನ್ನು ಹಗಲಿನಲ್ಲಿ ಮುಚ್ಚಿ ರಾತ್ರಿ ತೆರೆಯುತ್ತದೆ, ನೀರು ಆವಿಯಾಗಿ ಹೋಗದಿರಲಿ ಅಂತ. ಅಂಥ ಮಿತವ್ಯಯದ ಗಿಡಕ್ಕೆ ದಿನಾ ಒಂದು ಚೊಂಬು ನೀರು ಅಂದರೆ ಹೊರೆಯೇ.

ಮೇ ತಿಂಗಳಲ್ಲಿ ಮಗ ಇನ್ನೊಂದು ಪ್ರಯತ್ನ ಮಾಡಿದ. "ಬಿಸಿಲು ಬೇಕು ಅಂತಾರಲ್ಲಾ" ಎಂದು ಗಿಡವನ್ನು ಸೀದಾ ಟೆರೇಸಿಗೆ ಒಯ್ದ. ಅವನು ಹಿಡಿದ ಕಾರಣ ಸರಿಯೇ ಇತ್ತು, ರೀತಿ ಸರಿ ಇರಲಿಲ್ಲ. ಏಳು ತಿಂಗಳು ನೆರಳಲ್ಲಿದ್ದ ಎಲೆ ಮೇ ತಿಂಗಳ ಬಿಸಿಲನ್ನು ತಡೆಯಲಿಲ್ಲ. ಮೂರೇ ದಿನದಲ್ಲಿ ಕಂದು ಕಲೆ ಬಿದ್ದವು. ಹೆದರಿ ವಾಪಸ್ ತಂದು ಚಪ್ಪಲಿ ಸ್ಟ್ಯಾಂಡಿನ ಮೇಲೇ ಇಟ್ಟರು. "ಇದಕ್ಕೆ ಬಿಸಿಲು ಆಗೋದಿಲ್ಲ" ಅನ್ನುವ ತಪ್ಪು ತೀರ್ಮಾನ ಮನೆಯಲ್ಲಿ ಗಟ್ಟಿಯಾಯಿತು. ಸುಟ್ಟ ಕಲೆಗಳಿಗಿಂತ ಈ ತೀರ್ಮಾನದಿಂದ ಗಿಡಕ್ಕೆ ಆದ ತೊಂದರೆ ದೊಡ್ಡದು ಅಂತ ನನಗನ್ನಿಸುತ್ತದೆ. ಆಮೇಲೆ ಯಾರೂ ಬೆಳಕಿನ ಮಾತೇ ಎತ್ತಲಿಲ್ಲ.

ನನ್ನ ಮೊದಲ ಸಲಹೆ, ಅದರಲ್ಲಿದ್ದ ತಪ್ಪು

ಉದ್ದವಾದ ಲೋಳೆಸರಕ್ಕೆ ಎರಡು ದಾರಿ. ಬರಿದಾದ ಕಾಂಡ ಐದಾರು ಸೆಂಟಿಮೀಟರ್ ಇದ್ದರೆ ಆಳದ ಕುಂಡದಲ್ಲಿ ಎಲೆಯ ಬುಡದ ತನಕ ಹೂತುಬಿಡಬಹುದು. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಕಾಂಡ ಅದಕ್ಕಿಂತ ಉದ್ದ ಇದ್ದರೆ ತಲೆ ಕತ್ತರಿಸಿ ಹೊಸದಾಗಿ ಬೇರು ಬಿಡಿಸಬೇಕು. ಇಲ್ಲಿ 40 ಸೆಂಟಿಮೀಟರ್. ಹೂಳುವ ಮಾತೇ ಇರಲಿಲ್ಲ.

ಆದರೆ ಯಾವಾಗ ಕತ್ತರಿಸುವುದು? ಕತ್ತರಿಸಿದ ಜಾಗ ಒಣಗಿ ಗಟ್ಟಿ ಪೊರೆ ಕಟ್ಟಬೇಕು. ಒಣ ಹವೆಯಲ್ಲಿ ಒಂದು ವಾರ ಸಾಕು. ಮುಂಬಯಿಯ ಜುಲೈಯಲ್ಲಿ ಟವೆಲ್ಲೇ ಎರಡು ದಿನವಾದರೂ ಒಣಗುವುದಿಲ್ಲ. ಆ ವರ್ಷ ಮುಂಗಾರು ತಡವಾಗಿ, ಜೂನ್ 25ಕ್ಕೆ ಮುಂಬಯಿಗೆ ಬಂದಿತ್ತು. ಬಂದ ಮೇಲೆ ಬಿಡುವೇ ಕೊಡಲಿಲ್ಲ. ಹಾಗಾಗಿ ನಾನು ಹೇಳಿದೆ: "ಅಕ್ಕ, ಅಕ್ಟೋಬರ್ ತನಕ ಕಾಯೋಣ. ಅಲ್ಲಿಯವರೆಗೆ ನೀರು ಪೂರ್ತಿ ನಿಲ್ಲಿಸಿ, ಗಿಡವನ್ನು ಕಿಟಕಿ ಹತ್ತಿರ ಇಡಿ."

ಸಲಹೆ ಸರಿಯಾಗಿಯೇ ಕೇಳಿಸುತ್ತದೆ, ಅಲ್ವಾ? ನಾನು ಬಿಟ್ಟದ್ದು ಒಂದೇ. ಗಿಡವನ್ನು ಕುಂಡದಿಂದ ಹೊರಗೆ ತೆಗೆದು ಬೇರು ನೋಡಲಿಲ್ಲ. ಮೇಲಿನ ಕಾಂಡ ಗಟ್ಟಿ ಇತ್ತು, ಅಷ್ಟಕ್ಕೇ ನಂಬಿದೆ. ನಾಲ್ಕು ತಿಂಗಳು ಹಸಿ ಮಣ್ಣಿನಲ್ಲಿ ಕೂತ ಗಿಡದ ಬೇರು ನೋಡದೆ "ಕಾಯೋಣ" ಅನ್ನಬಾರದಿತ್ತು. ಈಗ ಯಾರ ಮನೆಗೆ ಹೋದರೂ ನಾನು ಮೊದಲು ಪೇಪರ್ ಹಾಸಿ ಗಿಡವನ್ನು ಹೊರಗೆ ತೆಗೆಯುತ್ತೇನೆ, ಮಾತು ಆಮೇಲೆ.

ಒಂದು ವಾರಕ್ಕೆ, ಜುಲೈ 9ರಂದು, ಫೋನ್ ಬಂತು. "ಕುಂಡದ ಹತ್ತಿರ ಹೋದರೆ ವಾಸನೆ ಬರ್ತಾ ಇದೆ." ಆ ವಾಸನೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದೇ ಮಧ್ಯಾಹ್ನ ಮಳೆಯಲ್ಲೇ ಹೋದೆ. ಕುಂಡ ಬಗ್ಗಿಸಿದರೆ ಮಣ್ಣು ಕೆಸರಿನ ಮುದ್ದೆಯಾಗಿ ಬಿತ್ತು. ಬೇರುಗಳು ಕಂದಾಗಿ, ಹಿಡಿದರೆ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಕಾಂಡದ ಬುಡ ಹಣ್ಣಾದ ಬಾಳೆಯಷ್ಟು ಮೆತ್ತಗಿತ್ತು.

ಇಡೀ ಪ್ರಕರಣದ ತಿರುವು ಇಲ್ಲೇ. ಕಾಯುವುದಕ್ಕೆ ಈಗ ಜಾಗವಿರಲಿಲ್ಲ. ಕೊಳೆ ದಿನಕ್ಕಿಷ್ಟು ಎಂದು ಮೇಲಕ್ಕೆ ಏರುತ್ತದೆ. ಅಕ್ಟೋಬರ್ ತನಕ ಬಿಟ್ಟರೆ ತಲೆಯೂ ಉಳಿಯುವುದಿಲ್ಲ. ತಪ್ಪು ಕಾಲ ಅಂತ ಗೊತ್ತಿದ್ದೂ ಕತ್ತರಿಸಬೇಕಾಯಿತು. ಅಕ್ಕ ಐದು ನಿಮಿಷ ಸುಮ್ಮನೆ ಕೂತರು. ಆಮೇಲೆ "ಕತ್ತರಿಸು" ಅಂದರು.

ಕತ್ತರಿಸಿದ ದಿನ

ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಬುಡದಿಂದ ಹತ್ತು ಸೆಂಟಿಮೀಟರ್ ಮೇಲೆ ಮೊದಲು ಕತ್ತರಿಸಿದೆ. ಒಳಗೆ ಕಂದು ಉಂಗುರ. ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಚಾಕು ಮತ್ತೆ ಒರೆಸಿ ಇನ್ನೂ ಮೇಲೆ ಕತ್ತರಿಸಿದೆ. ಮಧ್ಯೆ ಒಂದು ಕಂದು ಚುಕ್ಕೆ. ಹೀಗೆ 16 ಸೆಂಟಿಮೀಟರ್ ಹೋದ ಮೇಲೆ ಒಳಭಾಗ ಪೂರ್ತಿ ಬಿಳಿ ಹಸಿರಾಗಿ ಸಿಕ್ಕಿತು. ಪ್ರತಿ ಸಲವೂ ಚಾಕು ಒರೆಸಬೇಕು. ಇಲ್ಲದಿದ್ದರೆ ಕೊಳೆಯನ್ನು ನಾವೇ ಮೇಲಕ್ಕೆ ಹೊತ್ತುಕೊಂಡು ಹೋದ ಹಾಗೆ. ಒಂದೇ ಒಂದು ಕಂದು ಚುಕ್ಕೆ ಉಳಿದರೂ ಮುಂದಿನ ಕೆಲಸವೆಲ್ಲ ವ್ಯರ್ಥ. "ಇಷ್ಟು ಸಾಕು, ಇನ್ನೂ ಕತ್ತರಿಸಿದರೆ ಏನು ಉಳೀತು" ಎಂದು ಮನಸ್ಸು ಹೇಳುತ್ತದೆ. ಅದನ್ನು ಕೇಳಬಾರದು.

ಉಳಿದ 24 ಸೆಂಟಿಮೀಟರ್‌ನಲ್ಲಿ 12 ಸೆಂಟಿಮೀಟರ್ ಕಾಂಡದ ಸಮೇತ ತಲೆಯನ್ನು ಬೇರೆ ಮಾಡಿದೆ. ಮಧ್ಯದ 12 ಸೆಂಟಿಮೀಟರ್ ತುಂಡನ್ನೂ ಎಸೆಯಲಿಲ್ಲ. ಅದರ ಮಗ್ಗುಲಿನಿಂದ ಮರಿ ಬರಬಹುದು ಅನ್ನುವ ಆಸೆ. ಅಕ್ಕನಿಗೆ "ಇದೂ ಚಿಗುರುತ್ತೆ ನೋಡಿ" ಅಂದುಬಿಟ್ಟೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೆಸರಿನ ಮುದ್ದೆಯನ್ನು ಎಸೆಯುವ ಮೊದಲು ಬೆರಳಾಡಿಸಿದಾಗ ಇನ್ನೊಂದು ಸಿಕ್ಕಿತು. ಕುಂಡದ ಅಂಚಿಗೆ ಒತ್ತಿಕೊಂಡು, ಮಣ್ಣಿನೊಳಗೇ ಇದ್ದ ನಾಲ್ಕು ಸೆಂಟಿಮೀಟರಿನ ಮರಿ. ಬೆಳಕು ಕಾಣದೆ ಮೊಳಕೆ ಹೆಸರಿನ ಬಣ್ಣ. ಆದರೆ ತನ್ನದೇ ಎರಡು ಬಿಳಿ ಬೇರು ಇದ್ದವು. ಅದನ್ನು ಅಂಗೈಲಿಟ್ಟು ಕೊಟ್ಟಾಗ ಅಕ್ಕನ ಮುಖ ನೋಡಬೇಕಿತ್ತು.

ತಲೆಯ ಕೆಳಗಿನ ನಾಲ್ಕು ಎಲೆ ತೆಗೆದೆವು. ಹೂಳುವ ಭಾಗದಲ್ಲಿ ಎಲೆ ಇದ್ದರೆ ಅದೇ ಕೊಳೆಯುತ್ತದೆ. ತೆಗೆದ ಎಲೆಯ ಬುಡದಿಂದ ಹಳದಿ ರಸ ಸೋರಿತು. ಇದರ ಬಗ್ಗೆ ಒಂದು ಮಾತು. ಒಳಗಿನ ಲೋಳೆ ಬೇರೆ, ಸಿಪ್ಪೆಯ ಕೆಳಗಿನ ಈ ಹಳದಿ ರಸ ಬೇರೆ. ರಸ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ, ಕೆಲವರಿಗೆ ಮೈ ತುರಿಸುತ್ತದೆ. ಅಂಗಡಿಯಲ್ಲಿ ಸುಮ್ಮನೆ ಕೊಳ್ಳುವ, ಭೇದಿ ಮಾಡಿಸುವ ಔಷಧಿಗಳಲ್ಲಿ ಇದು ಸುರಕ್ಷಿತ ಎಂದು ಒಪ್ಪಲಾಗದು ಎಂದು ಅಮೆರಿಕದ ಔಷಧ ನಿಯಂತ್ರಕರು 2002ರಲ್ಲೇ ತೀರ್ಮಾನಿಸಿದರು. ತಲೆಗೆ ಹಚ್ಚುವುದಾದರೂ ಎಲೆಯನ್ನು ಕತ್ತರಿಸಿದ ತುದಿ ಕೆಳಗೆ ಮಾಡಿ ಅರ್ಧ ಗಂಟೆ ನಿಲ್ಲಿಸಿ, ಹಳದಿ ಪೂರ್ತಿ ಸೋರಿದ ಮೇಲೆ ತೊಳೆದು ಬಳಸಬೇಕು. ಊರಲ್ಲಿ ಅತ್ತೆ ಹಾಗೇ ಮಾಡುತ್ತಿದ್ದರು ಎಂದು ಅಕ್ಕ ನೆನಪಿಸಿಕೊಂಡರು.

ಒಣಗಿಸಲು ಮೂರು ವಾರ

ತಲೆಯನ್ನು ಉದ್ದನೆಯ ಸ್ಟೀಲ್ ಡಬ್ಬದ ಬಾಯಿಗೆ ನಿಲ್ಲಿಸಿದೆವು, ಕಾಂಡ ಒಳಗೆ ತೂಗುವ ಹಾಗೆ. ಮಲಗಿಸಿಟ್ಟರೆ ವಾರದಲ್ಲಿ ತುದಿ ಬೆಳಕಿನ ಕಡೆ ಬಾಗಿ ಡೊಂಕಾಗುತ್ತದೆ. ಆದರೆ ಡಬ್ಬ ಬಳಸಿದ್ದು ಸರಿಯಾಗಲಿಲ್ಲ. ಅದರೊಳಗೆ ಗಾಳಿಯೇ ಆಡಲಿಲ್ಲ. ಜುಲೈ 15ಕ್ಕೆ ಹೋಗಿ ನೋಡಿದರೆ ಕತ್ತರಿಸಿದ ಅಂಚಿನಲ್ಲಿ ಬೂದು ಬೂಷ್ಟು. ಮುಂಬಯಿಯಲ್ಲಿ ಆವರೆಗೆ ಲೆಕ್ಕವಿಟ್ಟ ಜುಲೈಗಳಲ್ಲೇ ಅತಿ ಹೆಚ್ಚು ಮಳೆ ಸುರಿದದ್ದು ಆ 2023ರ ಜುಲೈಯಲ್ಲಿ. ಮನೆಯ ಗೋಡೆಗಳೇ ಬೆವರುತ್ತಿದ್ದವು.

ಒಂದೂವರೆ ಸೆಂಟಿಮೀಟರ್ ಮತ್ತೆ ಕತ್ತರಿಸಿದೆ. ಒಳಗೆ ಶುದ್ಧವಾಗಿತ್ತು, ಬೂಷ್ಟು ಮೇಲೆ ಮೇಲೆ ಮಾತ್ರ. ಅಕ್ಕ ಅರಿಶಿನ ಹಚ್ಚೋಣ ಅಂದರು, ಹಚ್ಚಿದೆವು. ಅರಿಶಿನದಿಂದ ಕೆಡುಕೇನೂ ಆಗಲಿಲ್ಲ. ಆದರೆ ಕೆಲಸ ಮಾಡಿದ್ದು ಜಾಗ ಬದಲಿಸಿದ್ದು. ಅಕ್ಕನ ಅಡುಗೆಮನೆಯಲ್ಲಿ ಫ್ರಿಜ್‌ನ ಮಗ್ಗುಲಲ್ಲಿ ಒಂದು ಸಣ್ಣ ಶೆಲ್ಫ್ ಇದೆ. ಫ್ರಿಜ್‌ನ ಹಿಂದಿನಿಂದ ಬೆಚ್ಚನೆಯ ಒಣ ಗಾಳಿ ಅಲ್ಲಿಗೆ ಬರುತ್ತದೆ. ಅವರು ಉಪ್ಪಿನ ಜಾಡಿ ಇಡುವುದೂ ಅಲ್ಲೇ, ಒದ್ದೆಯಾಗದಿರಲಿ ಅಂತ. "ಉಪ್ಪು ಒಣಗಿರೋ ಜಾಗದಲ್ಲಿ ಇದೂ ಒಣಗುತ್ತೆ" ಅಂದದ್ದು ಅವರೇ. ಡಬ್ಬ ಬಿಟ್ಟು ತಂತಿಯ ಚಮಚ ಸ್ಟ್ಯಾಂಡಿನಲ್ಲಿ ಗಿಡ ನಿಲ್ಲಿಸಿದೆವು. ಎರಡು ವಾರಕ್ಕೆ ತುದಿ ತೊಗಟೆಯಷ್ಟು ಗಟ್ಟಿಯಾಯಿತು. ಉಗುರಿನಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು.

ಕುಂಡ, ಮರಳು, ಇಟ್ಟಿಗೆ ಚೂರು

ಜುಲೈ 30ರಂದು ನೆಟ್ಟೆವು. ಕುಂಡ ಮಣ್ಣಿನದು, ಆರು ಇಂಚು. ಅಕ್ಕನಿಗೆ ಅದು ಬಹಳ ಸಣ್ಣದು ಅನ್ನಿಸಿತು. ಬೇರೇ ಇಲ್ಲದ ಗಿಡಕ್ಕೆ ಸಣ್ಣ ಕುಂಡವೇ ಸರಿ, ಬೇಗ ಒಣಗುತ್ತದೆ. ಮಣ್ಣಿನ ಕುಂಡವಾದರೆ ಗೋಡೆಯಿಂದಲೂ ತೇವ ಹೋಗುತ್ತದೆ. ತೂತು ಒಂದು ಇತ್ತು, ಸಣ್ಣದು. ಮೊಳೆಯಿಂದ ನಿಧಾನಕ್ಕೆ ಕೆರೆದು ದೊಡ್ಡದು ಮಾಡಿದೆ.

ಮಿಶ್ರಣ ಮಾಡುವಾಗ ಮರಳಿನ ವಿಷಯದಲ್ಲಿ ಎಚ್ಚರ ಬೇಕು, ಅದರಲ್ಲೂ ಕರಾವಳಿಯ ಊರುಗಳಲ್ಲಿ. ಖಾಡಿಯ, ಅಂದರೆ ಸಮುದ್ರದ ನೀರು ಒಳನುಗ್ಗುವ ಹಿನ್ನೀರಿನ, ಮರಳಾದರೆ ಉಪ್ಪಿರುತ್ತದೆ, ಹೊಸ ಬೇರು ಸುಡುತ್ತದೆ. ಈಗ ಕಟ್ಟಡದ ಕೆಲಸಕ್ಕೆ ಜಾಸ್ತಿ ಬರುವುದು ಕಲ್ಲು ಪುಡಿ ಮಾಡಿದ ಮರಳು. ಅದರಲ್ಲಿ ಉಪ್ಪಿಲ್ಲ, ಆದರೆ ಧೂಳು ಬಹಳ. ಧೂಳು ತೇವ ಹಿಡಿದು ಸಿಮೆಂಟಿನ ಹಾಗೆ ಕೂರುತ್ತದೆ. ಅದನ್ನು ಹಳೆಯ ಜರಡಿಯಲ್ಲಿ ಸೋಸಿ, ಧೂಳು ಬಿಟ್ಟು ಮೇಲೆ ಉಳಿದ ದಪ್ಪ ಕಾಳನ್ನು ತೊಳೆದು ಬಳಸಿದೆವು. ಇಟ್ಟಿಗೆ ಚೂರು ಮಾತ್ರ ಬೇಕಾದಷ್ಟಿತ್ತು, ಪರಾಂಚಿಯ ಕೆಳಗೇ ರಾಶಿ ಬಿದ್ದಿತ್ತು. ಗಾರೆ ಹತ್ತದ ಚೂರು ಆರಿಸಿ ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದೆವು. ಎರಡು ಪಾಲು ಮರಳಿನ ಕಾಳು, ಒಂದು ಪಾಲು ಇಟ್ಟಿಗೆ, ಒಂದು ಪಾಲು ಹಳೆಯ ಕುಂಡದ ಒಣ ಮಣ್ಣು. ಅದು ಕೊಳೆತ ಕುಂಡದ್ದಲ್ಲ, ತುಳಸಿ ಕುಂಡದ್ದು. ತೆಂಗಿನ ನಾರು ಹಾಕಲಿಲ್ಲ. ಮುಷ್ಟಿಯಲ್ಲಿ ಒದ್ದೆ ಮಿಶ್ರಣ ಹಿಡಿದು ಬಿಟ್ಟರೆ ಉಂಡೆಯಾಗದೆ ಉದುರಬೇಕು. ಉದುರಿತು.

ಕುಂಡದ ತಳದಲ್ಲಿ ಜಲ್ಲಿ ಹಾಸುವ ರೂಢಿ ಎಲ್ಲ ಕಡೆ ಇದೆ. ನಾನು ಹಾಸುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದು ತುಂಬುವ ತನಕ ಜಲ್ಲಿಯ ಮೇಲೇ ನಿಲ್ಲುತ್ತದೆ. ಅಂದರೆ ಹಸಿ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತಿನ ಮೇಲೆ ಒಂದು ಓಡಿನ ಚೂರು ಸಾಕು, ಮಣ್ಣು ಜಾರದಿರಲಿಕ್ಕೆ.

ಉಳಿದ ಹತ್ತೂವರೆ ಸೆಂಟಿಮೀಟರ್ ಕಾಂಡವನ್ನು ಪೂರ್ತಿ ಹೂತೆವು. ಎಲೆಯ ಬುಡ ಮಣ್ಣಿನಿಂದ ಒಂದಿಷ್ಟು ಮೇಲೆ. ನೀರು ಹಾಕಲಿಲ್ಲ. ಮರಿಗೆ ಮತ್ತು ಮಧ್ಯದ ತುಂಡಿಗೆ ಬೇರೆ ಬೇರೆ ಕುಂಡ. ಮೂರನ್ನೂ ಒಂದೇ ಕುಂಡದಲ್ಲಿ ಇಟ್ಟರೆ ಚೆಂದ ಕಾಣುತ್ತದೆ ಎಂದು ಮಗ ಹೇಳಿದ್ದ. ಕೇಳದಿದ್ದದ್ದು ಒಳ್ಳೆಯದಾಯಿತು.

ಕೈ ಕಟ್ಟಿ ಕೂರುವುದು

ಈ ಪ್ರಕರಣದಲ್ಲಿ ಅತ್ಯಂತ ಕಷ್ಟದ ಭಾಗ ಕತ್ತರಿಸಿದ್ದಲ್ಲ, ಆಮೇಲಿನ ನಾಲ್ಕು ವಾರ. ಬಲೆ ಇನ್ನೂ ಇಳಿದಿರಲಿಲ್ಲ. ಹಾಗಾಗಿ ಕುಂಡಗಳನ್ನು ಪಕ್ಕದ ಕಟ್ಟಡದ ಮರಾಠಿ ಗೆಳತಿಯ ಮನೆಗೆ ಸಾಗಿಸಿದೆವು. ಅವರದು ದಕ್ಷಿಣದ ಕಿಟಕಿ. ಅವರು ಅದನ್ನು ಕೋರಫಡ ಅನ್ನುತ್ತಾರೆ. ಅವರ ಮನೆಯಲ್ಲಿ ಬೆಕ್ಕಿದೆ. ಲೋಳೆಸರ ಬೆಕ್ಕು ನಾಯಿಗಳಿಗೆ ವಿಷ, ಕಚ್ಚಿದರೆ ವಾಂತಿ ಭೇದಿ ಆಗುತ್ತದೆ. ಅದಕ್ಕೇ ಬೆಕ್ಕು ಹತ್ತಲಾಗದ ಎತ್ತರದ ಹಲಗೆಯ ಮೇಲೆ ಇಟ್ಟೆವು.

ಬೇರಿಲ್ಲದ ಗಿಡ ನೀರು ಕುಡಿಯಲಾರದು. ಅದು ಬದುಕುವುದು ಎಲೆಯಲ್ಲಿ ಕೂಡಿಟ್ಟ ನೀರಿನಲ್ಲಿ. ಹಾಗಾಗಿ ಎಲೆ ತೆಳ್ಳಗಾಗುತ್ತದೆ, ಮಡಚಿಕೊಳ್ಳುತ್ತದೆ, ಸ್ವಲ್ಪ ಕೆಂಪಗೂ ಆಗುತ್ತದೆ. ನೋಡುವವರಿಗೆ ಸಾಯುತ್ತಿದೆ ಅನ್ನಿಸುತ್ತದೆ. ಆಗಸ್ಟ್ ಎರಡನೇ ವಾರ ಅಕ್ಕ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. "ಎಲೆ ಹಪ್ಪಳದ ಹಾಗೆ ಆಗಿದೆ. ಒಂದೇ ಲೋಟ ಹಾಕ್ಲಾ?" ಧ್ವನಿಯಲ್ಲಿ ಅಳು ಇತ್ತು. ನಾನು ಒಂದು ಪ್ರಶ್ನೆ ಕೇಳಿದೆ: ನಟ್ಟನಡುವಿನ ಎಲೆ ಹೇಗಿದೆ? ಹಸಿರಾಗಿ ಗಟ್ಟಿ ಇದೆ ಅಂದರು. ಹಾಗಾದರೆ ಹಾಕಬೇಡಿ ಅಂದೆ. ಸುತ್ತಲಿನ ಹಳೆಯ ಎಲೆಗಳು ಒಣಗುತ್ತಿವೆ ಅಂದರೆ ಅವು ತಮ್ಮ ನೀರನ್ನು ನಡುವಿನ ಮೊಗ್ಗಿಗೂ ಹೊಸ ಬೇರಿಗೂ ಕೊಡುತ್ತಿವೆ. ನಡುವು ಮೆತ್ತಗಾದರೆ ಮಾತ್ರ ಗಾಬರಿ. ಆ ರಾತ್ರಿ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ. ಅತ್ತೆಯ ಗಿಡ ಅದು, ನನ್ನ ಮಾತು ನಂಬಿ ಅವರು ಕೈ ಕಟ್ಟಿ ಕೂತಿದ್ದರು.

ಅದೃಷ್ಟಕ್ಕೆ ಆ ಆಗಸ್ಟ್ ಒಣಗಿತ್ತು. ದೇಶದ ಮಟ್ಟದಲ್ಲಿ 1901ರಿಂದ ಈಚೆಗೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇರಲಿಲ್ಲ. ರೈತರಿಗೆ ಅದು ಕೆಟ್ಟ ಸುದ್ದಿ. ನಮ್ಮ ಕುಂಡಕ್ಕೆ ಮಾತ್ರ ಅದು ಸಮಯ ಕೊಟ್ಟಿತು.

ಆಗಸ್ಟ್ 27ಕ್ಕೆ ಎಲೆಯ ಬುಡ ಹಿಡಿದು ಮೆಲ್ಲಗೆ ಎಳೆದೆ. ಗಿಡ ಬರಲಿಲ್ಲ. ಮಣ್ಣು ಅದನ್ನು ಹಿಡಿದಿತ್ತು. ಅಕ್ಕನಿಗೂ ಎಳೆಯಲು ಹೇಳಿದೆ. ಅವರು ಎರಡು ಬೆರಳಲ್ಲಿ ಎಳೆದು, ಬಿಟ್ಟು, ಮತ್ತೆ ಎಳೆದರು. ಅವತ್ತು ಮೊದಲ ನೀರು, ಅರ್ಧ ಲೋಟ. ಆಮೇಲೆ ಹತ್ತು ದಿನಕ್ಕೊಮ್ಮೆ, ಕಡ್ಡಿ ಚುಚ್ಚಿ ತಳದ ತನಕ ಒಣಗಿದ್ದು ನೋಡಿಕೊಂಡು. ಸೆಪ್ಟೆಂಬರ್ ಕೊನೆಗೆ ನಡುವಿನಿಂದ ಹೊಸ ಎಲೆ ಬಂತು. ಗಿಡ್ಡ, ದಪ್ಪ, ನೆಟ್ಟಗೆ.

ಮಧ್ಯದ ತುಂಡು ಆಗಸ್ಟ್ ಮೊದಲ ವಾರದಲ್ಲೇ ಕೊಳೆತುಹೋಗಿತ್ತು. ಎಲೆಯಿಲ್ಲದ ಲೋಳೆಸರದ ಕಾಂಡ ಚಿಗುರುವುದು ಕಷ್ಟ ಎಂದು ನನಗೆ ಗೊತ್ತಿತ್ತು. ಬುಡದಲ್ಲಿ ಬೇರು ಜೀವಂತ ಇದ್ದಿದ್ದರೆ ಮೋಟಿನಿಂದ ಮರಿ ಬರುತ್ತಿತ್ತು, ಇಲ್ಲಿ ಅದೂ ಇರಲಿಲ್ಲ. ಗೊತ್ತಿದ್ದೂ, ಅವತ್ತಿನ ಬೇಸರ ಕಡಿಮೆಯಾಗಲಿ ಅಂತ "ಚಿಗುರುತ್ತೆ" ಅಂದಿದ್ದೆ. ಅಕ್ಕ ಆ ಕುಂಡವನ್ನು ದಿನಾ ನೋಡುತ್ತಿದ್ದರಂತೆ. ಅದು ಹೋದಾಗ ಅವರಿಗೆ ಆದ ನೋವು ನನ್ನ ಮಾತಿನಿಂದ ಆದದ್ದು. ಈಗ ಇಂಥ ತುಂಡು ಉಳಿಸಿದರೆ, ಬರುವ ಸಾಧ್ಯತೆ ಬಹಳ ಕಮ್ಮಿ ಎಂದು ಮೊದಲೇ ಹೇಳುತ್ತೇನೆ.

ಬಿಸಿಲಿಗೆ ಮತ್ತೆ

ಬಲೆ ಇಳಿದದ್ದು ನವೆಂಬರಿನಲ್ಲಿ. ಅಷ್ಟರಲ್ಲಿ ಗೆಳತಿಯ ದಕ್ಷಿಣದ ಕಿಟಕಿ ತನ್ನ ಕೆಲಸ ಮಾಡಿತ್ತು. ಇದರ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಮುಂಬಯಿ ಸುಮಾರು 19 ಡಿಗ್ರಿ ಉತ್ತರದಲ್ಲಿದೆ. ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ. ಸೆಪ್ಟೆಂಬರ್ ದಾಟಿದ ಮೇಲೆ ಅದೇ ಕಿಟಕಿಯಲ್ಲಿ ಬಿಸಿಲು ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಆಗಸ್ಟಿನಲ್ಲಿ ಬೇರು ಬಿಡುವಾಗ ನೆರಳಿನ ಬೆಳಕು, ಅಕ್ಟೋಬರಿನಿಂದ ನಿಧಾನಕ್ಕೆ ಏರುವ ಬಿಸಿಲು. ಗಿಡಕ್ಕೆ ಬೇಕಾದದ್ದೂ ಇದೇ ಕ್ರಮ. ಮೇ ತಿಂಗಳಲ್ಲಿ ಮಗ ಮೂರು ದಿನದಲ್ಲಿ ಮಾಡಲು ಹೋದದ್ದನ್ನು ಆ ಕಿಟಕಿ ಎರಡು ತಿಂಗಳಲ್ಲಿ ಮಾಡಿತು.

ಅಕ್ಕನ ಮನೆಗೆ ವಾಪಸ್ ತಂದಾಗಲೂ ಸೀದಾ ಗ್ರಿಲ್‌ಗೆ ಇಡಲಿಲ್ಲ. ಎದುರಿನ ಟವರಿನ ಪಕ್ಕದ ಸಂದಿಯಿಂದ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ತನಕ ಬಿಸಿಲು ಬರುವುದನ್ನು ಅಕ್ಕ ಕಂಡುಹಿಡಿದಿದ್ದರು. ಮೂರು ದಿನ ಅರ್ಧ ಗಂಟೆ, ಮುಂದಿನ ಮೂರು ದಿನ ಒಂದು ಗಂಟೆ, ಹೀಗೆ. ಕುಂಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಾರೆ, ಒಂದೇ ಕಡೆ ವಾಲದಿರಲಿ ಅಂತ. ಒಂದೂವರೆ ಗಂಟೆ ನೇರ ಬಿಸಿಲು ಲೋಳೆಸರಕ್ಕೆ ಕಡಿಮೆಯೇ. ಆದರೆ ಉಳಿದ ಹೊತ್ತು ಆಕಾಶದ ಬೆಳಕು ಚೆನ್ನಾಗಿದೆ, ಮತ್ತು ನೀರು ಆ ಬೆಳಕಿಗೆ ತಕ್ಕ ಹಾಗೆ ಕಡಿಮೆಯಾಗಿದೆ. ಗೊಬ್ಬರ 2024ರ ಫೆಬ್ರವರಿ ತನಕ ಕೊಡಲೇ ಇಲ್ಲ.

ಮರಿಯನ್ನು ಪುಣೆಯಲ್ಲಿರುವ ಮಗಳು ಒಯ್ದಳು. ಅಲ್ಲಿ ಮಳೆ ಮುಂಬಯಿಯ ಮೂರರಲ್ಲೊಂದು ಪಾಲು, ಹವೆ ಒಣ, ಬಾಲ್ಕನಿಯಲ್ಲಿ ಅರ್ಧ ದಿನ ಬಿಸಿಲು. ಅದೇ ಮಿಶ್ರಣ ಅಲ್ಲಿ ಬೇಗ ಒಣಗುತ್ತದೆ, ನೀರು ವಾರಕ್ಕೊಮ್ಮೆ ಬೇಕಾಗುತ್ತದೆ. ವರ್ಷದಲ್ಲಿ ಅದು ತಾಯಿಯನ್ನು ಗಾತ್ರದಲ್ಲಿ ಹಿಂದೆ ಹಾಕಿ ಎರಡು ಮರಿ ಹಾಕಿತು.

ತಾಯಿ ಗಿಡ 2024ರ ಮಳೆಗಾಲವನ್ನು ಒಳಗೆ, ಕಿಟಕಿಯ ಗಾಜಿನ ಪಕ್ಕ ಕಳೆಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಟ್ಟು ಐದು ಸಲ ನೀರು. ಕ್ಯಾಲೆಂಡರಿನಲ್ಲಿ ಆ ಐದು ದಿನಕ್ಕೂ ಅಕ್ಕ ನೀಲಿ ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದಾರೆ. ನಾನು ಕೊನೆಯ ಸಲ ನೋಡಿದಾಗ ಹೊಸ ಎಲೆ ಎಂಟು, ಎಲ್ಲವೂ ನೆಟ್ಟಗೆ. ಕತ್ತಲಿನ ಕಾಲದ ಅಗಲ ಎಲೆ ಮೂರು ಇನ್ನೂ ಕೆಳಗೆ ಉಳಿದಿವೆ. ಅವುಗಳ ಮೇಲೆ ಮೇ ತಿಂಗಳ ಸುಟ್ಟ ಕಲೆ ಹಾಗೇ ಇದೆ. ತೆಗೆದುಬಿಡಲಾ ಎಂದು ಅಕ್ಕ ಕೇಳಿದರು. ತಾವಾಗಿ ಒಣಗುವ ತನಕ ಇರಲಿ ಅಂದೆ, ಅವುಗಳಲ್ಲಿ ಇನ್ನೂ ನೀರಿದೆ.